ಹದಿನೇಳನೆಯದು

ತಾರ್ತುವಿನಲ್ಲಿ ಇವತ್ತು ಮೈನಸ್ ಇಪ್ಪತ್ತೆರಡು.
ನನ್ನ ಫ್ರೀಜರಿನಲ್ಲಿ ಮೈನಸ್ ಎಂಬತ್ತು.
ಬಾಗಿಲು ತೆರೆದರೆ ಹಿಮದ ಹೊಗೆ ಇಳಿದು ಬಂದು
ಸಾಕಿದ ಬೆಕ್ಕಿನ ಹಾಗೆ ಕಾಲು ಸವರುತ್ತದೆ.
ಮೂವತ್ತೊಂದು ವರ್ಷದಿಂದ ಇದೇ ಕೆಲಸ:
ಒಂದು ಹನಿ ಇಲ್ಲಿಂದ ಎತ್ತಿ ಅಲ್ಲಿ ಬಿಡುವುದು.
ಹೆಸರು ವಿಲ್ವೆ. ಪ್ರಬಂಧಗಳ ಕೊನೆಯಲ್ಲಿ,
ಕೃತಜ್ಞತೆಯ ಸಾಲಿನಲ್ಲಿ, ಹುಡುಕಿದರೆ ಸಿಗುತ್ತೇನೆ.

ಮೂರನೆಯ ತಟ್ಟೆಯಲ್ಲಿ ರೂಬೆನ್ ಇದ್ದಾನೆ.
ಪೂರ್ತಿ ರೂಬೆನ್ ಅಲ್ಲ;
ಆರು ವರ್ಷದ ಹುಡುಗನ ತೋಳಿನಿಂದ ಸಾಸಿವೆಯಷ್ಟು ಚರ್ಮ,
ಈಗ ಗುಲಾಬಿ ನೀರಿನಲ್ಲಿ ಹಬ್ಬಿ, ತಳಕ್ಕೆ ಅಂಟಿ ಕೂತಿದೆ.
ಅವನ ಎಡಗಾಲು ಏಳುವುದಿಲ್ಲ,
ಬಲಗಾಲಿಗೂ ಈಚೆಗೆ ಅದೇ ಪಾಠ ಹತ್ತಿದೆ.
ಮುನ್ನೂರು ಕೋಟಿ ಅಕ್ಷರದಲ್ಲಿ
ಒಂದೇ ಒಂದು ಕಾಗುಣಿತದ ತಪ್ಪು. ಸಾಕು.
ಆ ಸಂದಿಯಿಂದ ವಾಕ್ಯದ ನಡುವೆ
ಯಾರೂ ಕರೆಯದ ಮಾತೊಂದು ನುಗ್ಗಿ
ಕ್ರಿಯಾಪದದ ಜಾಗದಲ್ಲಿ ಕಾಲು ಚಾಚಿ ಕೂತಿದೆ.

ಬರೆದದ್ದನ್ನು ಅಳಿಸಲಾಗದು ಎನ್ನುತ್ತಾನೆ ತಾವೆತ್,
ನನ್ನ ಮಗನಿಗಿಂತ ಚಿಕ್ಕವ, ನನ್ನ ಸಾಹೇಬ.
ಓದುವ ಕಣ್ಣಿಗೆ ಆ ಜಾಗ ಕಾಣದ ಹಾಗೆ
ಬೆರಳಿಟ್ಟು ಮುಚ್ಚಬಹುದು, ಅಷ್ಟೆ.
ಇಪ್ಪತ್ತು ಅಕ್ಷರದ ಬೆರಳು.
ಯಾವ ಇಪ್ಪತ್ತು?

ಆರ್‌ಎನ್‌ಎ ನೆಟ್ಟಗೆ ಬಿದ್ದಿರುವ ದಾರವಲ್ಲ.
ಮಲಗಿ ಎದ್ದ ಹುಡುಗಿಯ ಜಡೆ;
ತನಗೆ ತಾನೇ ಸುತ್ತಿಕೊಂಡು, ಅಲ್ಲಲ್ಲಿ ಸಿಕ್ಕು, ಅಲ್ಲಲ್ಲಿ ಕುಣಿಕೆ.
ಮುಚ್ಚಬೇಕಾದ ಜಾಗ ಯಾವ ಮಡಿಕೆಯೊಳಗೋ.
ಹಿಂದೆಲ್ಲ ಊಹಿಸುತ್ತಿದ್ದೆವು,
ಒಂದು ಚಳಿಗಾಲಕ್ಕೆ ನಲವತ್ತು ಊಹೆ.
ಈಗ ನೆಲಮಾಳಿಗೆಯಲ್ಲಿ ಒಂದು ಯಂತ್ರ.
ಜಗತ್ತಿನ ಸಿಕ್ಕುಗಳನ್ನೆಲ್ಲ ಬಾಯಿಪಾಠ ಮಾಡಿದೆಯಂತೆ.
ನನ್ನ ಕಾಫಿ ಆರುವುದರೊಳಗೆ
ಸಾವಿರದ ನಾನೂರ ಹನ್ನೆರಡು ಬೆರಳು ತೋರಿಸಿತು,
ಅಂಕ ಕೊಟ್ಟು, ಸಾಲಾಗಿ ನಿಲ್ಲಿಸಿ.

ಮೊದಲನೆಯದನ್ನು ಕೊಟ್ಟೆ.
ಮಾರನೆಯ ದಿನ ಸೂಕ್ಷ್ಮದರ್ಶಕದಲ್ಲಿ
ತಟ್ಟೆಯ ರೂಬೆನ್ ತಳ ಬಿಟ್ಟು, ದುಂಡಗಾಗಿ, ತೇಲುತ್ತಿದ್ದ.
ಎರಡನೆಯದೂ ಹಾಗೇ. ಐದನೆಯದು ಏನೂ ಮಾಡಲಿಲ್ಲ.
ಬ್ಲೀಚು ಸುರಿಯುತ್ತ ಯಂತ್ರವನ್ನು ಬೈದೆ,
ನಮ್ಮಜ್ಜಿ ಹಂದಿಯನ್ನು ಬೈಯುತ್ತಿದ್ದ ಮಾತಿನಲ್ಲಿ.
ಬೈಗುಳ ಅದಕ್ಕೆ ತಾಗಲಿಲ್ಲ.
ಸತ್ತವರ ಲೆಕ್ಕ ಮಾತ್ರ ಕೇಳಿತು; ಕೊಟ್ಟೆವು.
ಆ ರಾತ್ರಿ ಕಿಟಕಿಯಾಚೆ ಎಮಾಯೋಗಿ, ನಮ್ಮ ತಾಯಿಹೊಳೆ,
ಮೇಲೆ ಕಲ್ಲಾಗಿ ಕೆಳಗೆ ಹರಿಯುತ್ತಿತ್ತು.
ಬೆಳಗಾಗುವಷ್ಟರಲ್ಲಿ ಯಂತ್ರ ತನ್ನ ಸಾಲನ್ನು ತಾನೇ ಕೆಡವಿ
ಮತ್ತೆ ಕಟ್ಟಿತ್ತು.
ನಾನೂರರಾಚೆ ಕೂತಿದ್ದ ಬಡಪಾಯಿಯೊಂದು
ಹದಿನೇಳಕ್ಕೆ ಬಂದು ನಿಂತಿತ್ತು.

ಜೆಲ್ಲಿನ ಮೇಲೆ, ಸರಿಯಾದ ಎತ್ತರದಲ್ಲಿ,
ಒಂದು ಬಿಳಿ ಗೆರೆ. ಮಸುಕು.
ಉಗುರಿನ ಬುಡದ ಚಂದ್ರನಷ್ಟು.
ಯಾಕೆ ಇದೇ? ಎಂದ ತಾವೆತ್.
ಯಂತ್ರದ ಬಳಿ ಯಾಕೆ ಎಂಬುದಿಲ್ಲ.
ನನ್ನ ಬಳಿಯೂ ಇಲ್ಲ.
ಮೂರು ಸಲ ಮತ್ತೆ ಮಾಡಿದೆ.
ಮೂರು ಸಲವೂ ಗೆರೆ ಬಂತು.

ಲೇಲೊ ಬಂದಿದ್ದಾಳೆ, ಹುಡುಗನ ತಾಯಿ,
ಟೋಪಿಯ ಹಿಮ ಕೊಡವದೆ ಕಾರಿಡಾರಿನಲ್ಲಿ ನಿಂತಿದ್ದಾಳೆ.
ನಮ್ಮ ಎಸ್ಟೋನಿಯನ್ ಮಾತಿಗೆ ಭವಿಷ್ಯತ್ಕಾಲವಿಲ್ಲ;
ಇವತ್ತಿಗೂ ನಾಳೆಗೂ ಒಂದೇ ಕ್ರಿಯಾಪದ.
"ಅವನು ನಡೆಯುತ್ತಾನಾ?" ಎಂದಳು.
ತಾವೆತ್ ಒಂದು ಅಂಕೆ ಹೇಳಿದ,
ಸೊನ್ನೆಯಿಂದ ಶುರುವಾಗುವಂಥದ್ದು.
ಮೊದಲು ಇಲಿಗಳು, ಆಮೇಲೆ ಅನುಮತಿ,
ಆಮೇಲೆ ಬೆನ್ನುಹುರಿಗೆ ಸೂಜಿ, ಇನ್ನೂ ಎಷ್ಟೋ ಎಂದ.
ಅವಳು ತಲೆಯಾಡಿಸಿದಳು,
ಅಂಗಡಿಯಲ್ಲಿ ಚಿಲ್ಲರೆ ಇಲ್ಲ ಎಂದಾಗ ಆಡಿಸುವ ಹಾಗೆ.

ನಾನು ಅವಳನ್ನು ಒಳಗೆ ಕರೆದೆ.
ಕುರ್ಚಿ ಎಳೆದು, ಮೂರನೆಯ ತಟ್ಟೆಯನ್ನು ಕಣ್ಣಿಗೆ ಹೊಂದಿಸಿದೆ.
ಬಹಳ ಹೊತ್ತು ನೋಡಿದಳು.
"ಇವು ಅಲುಗುವುದಿಲ್ಲವಾ?"
ಅಲುಗುತ್ತವೆ ಎಂದೆ,
ಗಂಟೆಗೆ ಅರ್ಧ ಕೂದಲಿನಗಲ. ಕೂತು ನೋಡಿದರೆ ಕಾಣುವುದಿಲ್ಲ.
ಲೇಲೊ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು.
ಹಿಮ ಕರಗಿ ಸ್ಕರ್ಟು ಒದ್ದೆಯಾಗುತ್ತಿತ್ತು.
ಕಣ್ಣು ತೆಗೆಯಲಿಲ್ಲ.